ಅವ್ವನ ಉದ್ಯೋಗದ ಕಾಲಂ

ಅವ್ವ ತೀರಿಕೊಂಡ ಮೇಲೆ ಮರಣ ನೋಂದಣಿಯ ನಮೂನೆಯನ್ನು ತುಂಬಿದವನು ನಾನೇ. ಅದರಲ್ಲಿ ಮೃತರ ಉದ್ಯೋಗವನ್ನು ಕೇಳುವ ಒಂದು ಕಾಲಂ ಇತ್ತು. ನಾನು ಯೋಚನೆಯನ್ನೇ ಮಾಡದೆ ‘ಗೃಹಿಣಿ’ ಎಂದು ಬರೆದು, ಸಹಿ ಹಾಕಿ ಕೊಟ್ಟುಬಂದೆ. ಹನ್ನೊಂದನೇ ದಿನದ ತಿಥಿಗೆ ಬಂದಿದ್ದ ನೆಂಟರು ಊಟ ಮುಗಿಸಿ ಎಲೆಅಡಿಕೆ ಹಾಕಿಕೊಳ್ಳುತ್ತ, ಅವ್ವ ತ್ಯಾಗಮಯಿ, ತಾಳ್ಮೆಯಲ್ಲಿ ಭೂಮಿತಾಯಿ, ಬಾಯಿಬಿಟ್ಟು ಏನನ್ನೂ ಕೇಳಿದವಳಲ್ಲ ಎಂದು ಮಾತಾಡಿಕೊಂಡರು. ಅವರ ಪ್ರೀತಿಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ನಾನು ಬರೆದ ಪದಕ್ಕೂ ಅವರು ಆಡಿದ ಮಾತಿಗೂ ನಮ್ಮ ಹೊಲ ಕಾಣಿಸಿರಲಿಲ್ಲ. ಎಪ್ಪತ್ತು ವರ್ಷ ಆ ಹೊಲವನ್ನು ನಡೆಸಿದ ತಲೆ ಅವ್ವನದು.

ನಮ್ಮೂರು ತುರುವೇಕೆರೆ ಕಡೆಯದು. ಮಳೆಯನ್ನೇ ನಂಬಿದ ಮೂರೂವರೆ ಎಕರೆ ಕೆಂಪು ನೆಲ, ಬದುವಿನ ಮೇಲೆ ಒಂದಷ್ಟು ತೆಂಗು. 1956ರಲ್ಲಿ ಮೈಸೂರು ರಾಜ್ಯ ವಿಶಾಲವಾಗುವುದಕ್ಕೂ ಮುಂಚೆಯೇ ಅವ್ವ ಮದುವೆಯಾಗಿ ಆ ಮನೆಗೆ ಬಂದಿದ್ದಳು. ಹುಟ್ಟಿದ ತಾರೀಖು ಯಾರಿಗೂ ತಿಳಿಯದು; ಆಧಾರ್ ಕಾರ್ಡಿನಲ್ಲಿರುವ ಜನವರಿ ಒಂದನೇ ತಾರೀಖನ್ನು ನೋಡಿ ಅವಳೇ ನಗುತ್ತಿದ್ದಳು.

ಅಪ್ಪ ಹೊಲ ಉಳುತ್ತಿದ್ದ, ಬಿತ್ತುವ ಕೂರಿಗೆ ಹೂಡುತ್ತಿದ್ದ. ಯಾವ ಹೊಲಕ್ಕೆ ಏನು, ಯಾವ ಸಾಲಿಗೆ ಯಾವ ಬೀಜ ಎಂಬುದನ್ನು ಗೊತ್ತುಮಾಡುತ್ತಿದ್ದವಳು ಅವ್ವ. ರಾಗಿಯ ಪ್ರತಿ ಎಂಟು ಹತ್ತು ಸಾಲಿಗೊಂದು ಅಕ್ಕಡಿ ಸಾಲು, ಅಂದರೆ ಬೇರೆ ಕಾಳುಗಳ ಮಿಶ್ರಬೆಳೆಯ ಸಾಲು. ಕೂರಿಗೆಯ ಹಿಂದೆ ಕಟ್ಟಿದ ಬಿದಿರಿನ ಕೊಳವೆಯೊಳಕ್ಕೆ ಮಡಿಲಿನಿಂದ ಅವರೆ, ತೊಗರಿ, ಹುಚ್ಚೆಳ್ಳು, ಜೋಳ, ಹರಳುಗಳನ್ನು ಬಿಡುತ್ತ ಅವಳು ನಡೆಯುತ್ತಿದ್ದುದನ್ನು ನಾನು ಬದುವಿನ ಮೇಲೆ ಕುಳಿತು ನೋಡಿದ್ದೇನೆ. ಬೀಜ ಸುಮ್ಮನೆ ಸುರಿದಂತೆ ನನಗೆ ಕಾಣುತ್ತಿತ್ತು. ಅದರ ಹಿಂದಿದ್ದ ಲೆಕ್ಕ ಅರ್ಥವಾಗುವ ಹೊತ್ತಿಗೆ ನನಗೆ ನಲವತ್ತಾಗಿತ್ತು. ರಾಗಿ ಕೊಯ್ಲಾಗುವ ಹೊತ್ತಿಗೆ ಅವರೆ ಇನ್ನೂ ಹೂವಿನಲ್ಲಿರುತ್ತದೆ, ಆಮೇಲಿನ ಇಬ್ಬನಿಗೆ ಸೊಗಡು ತುಂಬಿಕೊಂಡು ಕಾಯಿ ಬಲಿಯುತ್ತದೆ. ತೊಗರಿಯ ಬೇರು ರಾಗಿಯ ಬೇರಿಗಿಂತ ಆಳಕ್ಕಿಳಿದು ಕೆಳಗಿನ ತೇವವನ್ನು ಹುಡುಕಿಕೊಳ್ಳುತ್ತದೆ. ಹುಚ್ಚೆಳ್ಳಿನ ಹಳದಿ ಹೂವಿಗೆ ಜೇನು ಬರುತ್ತದೆ. ಜೋಳದ ದಂಟಿನ ಮೇಲೆ ಕೂತ ಹಕ್ಕಿ ಹುಳುವನ್ನು ಹೆಕ್ಕುತ್ತದೆ. ಮಳೆ ಪೂರ್ತಿ ಕೈಕೊಟ್ಟು ರಾಗಿ ಏಳದೆ ಹೋದರೆ ಹಿಂಗಾರಿಗೆ ಹುರುಳಿ ಚೆಲ್ಲಲು ಬೀಜ ಬೇರೆಯೇ ಇರುತ್ತಿತ್ತು. ಒಮ್ಮೆ ಕಾಲೇಜಿನಿಂದ ಬಂದ ನಾನು, ಇಡೀ ಹೊಲಕ್ಕೆ ರಾಗಿಯೊಂದನ್ನೇ ಹಾಕಿದರೆ ಇಳುವರಿ ಹೆಚ್ಚುತ್ತದೆ ಎಂದು ಉಪದೇಶ ಮಾಡಿದಾಗ ಅವ್ವ, ‘ಹೆಚ್ಚೋ ವರ್ಷ ಹೆಚ್ತದೆ ಕಣಪ್ಪ, ಹೋದ ವರ್ಷ ಸಾರಿಗೆ ಏನ್ ಹಾಕ್ಲಿ, ನಿನ್ ಪುಸ್ತಕಾನಾ?’ ಎಂದಿದ್ದಳು.

ಬೀಜದ ವಿಷಯದಲ್ಲಿ ಅವಳು ಯಾರನ್ನೂ ನಂಬುತ್ತಿರಲಿಲ್ಲ. ಕೊಯ್ಲಿಗೆ ಮೊದಲೇ ಹೊಲದೊಳಗೆ ಓಡಾಡಿ, ರೋಗವಿಲ್ಲದ ತುಂಬುತೆನೆಗಳನ್ನು ಆರಿಸಿ ತಂದು, ಬೇರೆಯಾಗಿ ಬಡಿದು ಒಣಗಿಸುತ್ತಿದ್ದಳು. ರಾಗಿಗೆ ಬೂದಿ, ಲಕ್ಕಿ ಸೊಪ್ಪು; ತೊಗರಿ ಅವರೆಗೆ ಕೆಮ್ಮಣ್ಣಿನ ಲೇಪ; ಕೊನೆಗೆ ಮಡಕೆಯ ಬಾಯಿಗೆ ಸಗಣಿ ಮೆತ್ತಿ ಅಟ್ಟಕ್ಕೆ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೆ ಆಫ್ರಿಕಾದ ರಾಗಿಯನ್ನು ಕೂಡಿಸಿ ಪಡೆದ ಇಂಡಾಫ್ ತಳಿಗಳು ಹಳ್ಳಿಹಳ್ಳಿಗೆ ಹಬ್ಬಿದ ಕಾಲದಲ್ಲಿ ಅಪ್ಪನೂ ಉತ್ಸಾಹದಿಂದ ಒಂದು ಚೀಲ ತಂದ. ಅವ್ವ ಬೇಡವೆನ್ನಲಿಲ್ಲ, ಒಪ್ಪಲೂ ಇಲ್ಲ. ಬಾವಿಯ ಪಕ್ಕದ ಒಂದು ಪಟ್ಟಿಯಲ್ಲಿ ಎರಡು ವರ್ಷ ಬೆಳೆದು, ಕಾಳನ್ನು ಅಳೆದು, ಹುಲ್ಲನ್ನು ಹಸುವಿನ ಮುಂದೆ ಹಾಕಿ ನೋಡಿ, ಆಮೇಲೆ ಅರ್ಧ ಹೊಲಕ್ಕೆ ಹೊಸದು, ಉಳಿದದ್ದಕ್ಕೆ ಹುಲ್ಲು ಉದ್ದ ಬರುವ ಹಳೆಯದು ಎಂದು ತೀರ್ಮಾನಿಸಿದಳು. ಕೃಷಿ ವಿಶ್ವವಿದ್ಯಾಲಯದವರು ಮಾಡಿದರೆ ಇದನ್ನೇ ತಳಿ ಪರೀಕ್ಷೆ ಎನ್ನುತ್ತಾರೆ.

ತ್ಯಾಗಮಯಿ ಎಂಬ ಮಾತಿಗೆ ಬರುತ್ತೇನೆ. ಅವ್ವ ಕಠಿಣ ಹೆಂಗಸು. 1965–66ರ ಬರದಲ್ಲಿ ಮನೆಯಲ್ಲಿ ಒಂದೇ ಹೊತ್ತು ಒಲೆ ಉರಿಯುತ್ತಿದ್ದಾಗಲೂ ಅವಳು ಬೀಜದ ಮಡಕೆಯನ್ನು ಒಡೆಯಲಿಲ್ಲವಂತೆ. ಅಜ್ಜಿ ಕಾಲು ಹಿಡಿಯುವುದೊಂದು ಬಾಕಿ ಎಂದು ಅಕ್ಕ ಈಗಲೂ ಹೇಳುತ್ತಾಳೆ. ಅದೇ ಅಕ್ಕನನ್ನು ನಾಲ್ಕನೇ ತರಗತಿಗೆ ಶಾಲೆ ಬಿಡಿಸಿದವಳೂ ಅವ್ವನೇ. ಕಳೆ ಕೀಳಲು ಒಂದು ಆಳು ಕಡಿಮೆ ಬಿದ್ದಿತ್ತು, ತೊಟ್ಟಿಲಲ್ಲಿ ತಮ್ಮ ಇದ್ದ. ಗಂಡುಮಕ್ಕಳಿಬ್ಬರೂ ಓದಿದೆವು. ತಿಥಿಯ ದಿನ ನೆಂಟರು ಅವ್ವನ ಗುಣಗಾನ ಮಾಡುತ್ತಿದ್ದಾಗ ಅಕ್ಕ ಎದ್ದು ಹಿತ್ತಲಿಗೆ ಹೋದಳು. ಹಿಂದೆಯೇ ಹೋದ ನನಗೆ, ‘ಅವ್ವ ತ್ಯಾಗ ಮಾಡಿದ್ದು ನನ್ನ ಕಣೋ’ ಎಂದಳು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಆ ತ್ಯಾಗದ ಫಲವನ್ನು ಉಂಡವನೇ ನಾನು.

ಇನ್ನು ಕಾಗದಪತ್ರ. ಜಮೀನಿನ ದಾಖಲೆಯಾದ ಪಹಣಿಯ ಒಂಬತ್ತನೇ ಕಾಲಂನಲ್ಲಿ ಸ್ವಾಧೀನದಾರರ ಹೆಸರಿರುತ್ತದೆ, ಹನ್ನೆರಡನೆಯದರಲ್ಲಿ ಸಾಗುವಳಿದಾರರದು. ಅವ್ವನ ಹೆಸರು ಎರಡರಲ್ಲೂ ಇರಲಿಲ್ಲ. ಅಪ್ಪ ಹೋದ ಮೇಲೆ ಜಮೀನನ್ನು ವಾರಸುದಾರರ ಹೆಸರಿಗೆ ವರ್ಗಾಯಿಸುವ ಪೌತಿ ಖಾತೆ ಮಾಡಿಸುವಾಗ ನಾವು ಅಣ್ಣತಮ್ಮಂದಿರು ಅವಳಿಂದಲೂ ಅಕ್ಕನಿಂದಲೂ ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡೆವು. ಗಂಡನ ಪಾಲಿನ ಆಸ್ತಿಯಲ್ಲಿ ಹೆಂಡತಿಗೂ ಮಕ್ಕಳಷ್ಟೇ ಹಕ್ಕು ಎಂದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯೇ ಹೇಳಿದೆ ಎಂಬುದು ನನಗೆ ಗೊತ್ತಿತ್ತು. ಮುಂದೆ ಭಾಗ ಮಾಡುವಾಗ ತೊಡಕಾಗಬಾರದು ಎಂಬ ನೆವ ನಮ್ಮದು. ಅವ್ವ ಏನನ್ನೂ ಕೇಳಲಿಲ್ಲ, ಬೆರಳಿನ ಮಸಿಯನ್ನು ಗೋಡೆಗೆ ಒರೆಸಿ ಎಮ್ಮೆ ಕರೆಯಲು ಹೋದಳು. 2019ರಲ್ಲಿ ಪಿಎಂ ಕಿಸಾನ್ ಬಂದು, ಜಮೀನುಳ್ಳ ರೈತ ಕುಟುಂಬಕ್ಕೆ ವರ್ಷಕ್ಕೆ 6,000 ರೂಪಾಯಿ ಎಂದಾಗ ಅವ್ವ ಆ ಲೆಕ್ಕಕ್ಕೆ ಸೇರಲಿಲ್ಲ. ಬೆಂಗಳೂರಿನಲ್ಲಿ ಕುರ್ಚಿಯ ಮೇಲೆ ಕೂತು ದುಡಿಯುವ ನನ್ನ ಹೆಸರು ಮಾತ್ರ ಇಂದಿಗೂ ಪಹಣಿಯಲ್ಲಿದೆ.

ಇದು ನಮ್ಮ ಮನೆಯದಷ್ಟೇ ಕಥೆಯಲ್ಲ. 2015–16ರ ಕೃಷಿ ಗಣತಿಯ ಪ್ರಕಾರ ದೇಶದ ಸಾಗುವಳಿ ಹಿಡುವಳಿಗಳಲ್ಲಿ ಹೆಂಗಸರ ಹೆಸರಿನವು ಶೇ. 14ರ ಆಸುಪಾಸು. ಮಹಿಳಾ ರೈತರ ಹಕ್ಕುಗಳಿಗಾಗಿ ಕೃಷಿ ವಿಜ್ಞಾನಿ ಎಂ.ಎಸ್. ಸ್ವಾಮಿನಾಥನ್ ಅವರು ರಾಜ್ಯಸಭೆಯಲ್ಲಿ ಖಾಸಗಿ ಮಸೂದೆಯೊಂದನ್ನು ಮಂಡಿಸಿದ್ದರು. ಅದು ಕಾಯ್ದೆಯಾಗದೆಯೇ ಬಿದ್ದುಹೋಯಿತು. ವಿಶ್ವಸಂಸ್ಥೆ 2026ನ್ನು ಮಹಿಳಾ ರೈತರ ಅಂತರರಾಷ್ಟ್ರೀಯ ವರ್ಷವೆಂದು ಸಾರಿದೆ. ಭಾಷಣಗಳಾಗುತ್ತವೆ, ಸೀರೆ ಹೊದಿಸಿ ಸನ್ಮಾನಗಳೂ ಆಗುತ್ತವೆ. ಸನ್ಮಾನಕ್ಕೆ ನನ್ನ ವಿರೋಧವೇನೂ ಇಲ್ಲ, ಆದರೆ ಸೀರೆ ತೋರಿಸಿದರೆ ಬ್ಯಾಂಕಿನಲ್ಲಿ ಬೆಳೆ ಸಾಲ ಹುಟ್ಟುವುದಿಲ್ಲ.

ಈ ಸಲ ತಮ್ಮ ಇಡೀ ಹೊಲಕ್ಕೆ ರಾಗಿಯೊಂದನ್ನೇ ಬಿತ್ತುವವನಿದ್ದ. ಅಟ್ಟದ ಮೇಲಿನ ಅವರೆ ಮಡಕೆಯನ್ನು ಇಳಿಸಿ ನೋಡಿದರೆ ಪೂರ್ತಿ ಹುಳು ಹಿಡಿದಿತ್ತು; ಕೊನೆಯ ಎರಡು ವರ್ಷ ಅವ್ವನಿಗೆ ಏಣಿ ಹತ್ತಲು ಆಗಿರಲಿಲ್ಲ, ನಮಗೆ ನೆನಪಾಗಿರಲಿಲ್ಲ. ಪುನರ್ವಸು ಮಳೆಗೆ ಮುಂಚೆ ಅಕ್ಕ ಗಂಡನ ಮನೆಯಿಂದ ಎರಡು ಸೇರು ಅವರೆ ಬೀಜವನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಳು. ಪ್ರತಿ ಸಂಕ್ರಾಂತಿಗೂ ಅವ್ವ ಅವಳಿಗೆ ಬೀಜ ಕೊಟ್ಟು ಕಳಿಸುತ್ತಿದ್ದಳಂತೆ, ಅಕ್ಕ ಅದನ್ನು ಅಲ್ಲಿ ಬಿತ್ತಿ ಬೆಳೆದು ಉಳಿಸಿಕೊಂಡಿದ್ದಳು. ಅಕ್ಕಡಿ ಸಾಲಿಗೆ ಬೀಜ ಬಿಟ್ಟವಳೂ ಅವಳೇ. ಅವಳ ಹೆಸರನ್ನು ಪಹಣಿಗೆ ಸೇರಿಸಲು ನಾನೊಂದು ಅರ್ಜಿಯನ್ನು ಬರೆದಿಟ್ಟಿದ್ದೇನೆ. ತಮ್ಮ ಇನ್ನೂ ಸಹಿ ಹಾಕಿಲ್ಲ.