ರೆಸ್ಟ್ ಡೇ ದಿನ ಪುರುಸೊತ್ತಿಲ್ಲ

ಬೆಂಗಳೂರಿನಲ್ಲಿ ಜಿಮ್‌ಗೆ ಹೋಗುವುದು ಸುಲಭ. ಹೋಗಿ ಬಂದ ಮೇಲೆ ಸುಮ್ನೆ ಬಿದ್ದುಕೊಳ್ಳುವುದೇ ಕಷ್ಟ.

ನಮ್ಮ ಮೇಲಿನ ಮನೆಯ ಹುಡುಗ ಶುಕ್ರವಾರ ಜಿಮ್ಮಿನಲ್ಲಿ ಲೆಗ್ ಡೇ, ಅಂದರೆ ಬರೀ ಕಾಲಿನ ಕಸರತ್ತು, ಮುಗಿಸಿದ. ಶನಿವಾರ ಕಂಬಿ ಹಿಡಿದು, ಏಡಿಯ ಹಾಗೆ ಅಡ್ಡಡ್ಡ ಮೆಟ್ಟಿಲಿಳಿಯುತ್ತಿದ್ದ. ಒಂದೊಂದು ಮೆಟ್ಟಿಲಿಗೂ ಒಂದೊಂದು "ಅಮ್ಮಾ". ಸುಸ್ತಾ ಅಂತ ಕೇಳಿದೆ. ಕಾಲನ್ನು ಕೇಳಬೇಕಾದವನು ಬೆರಳಿನ ಸ್ಮಾರ್ಟ್ ಉಂಗುರವನ್ನು ಕೇಳಿದ. ಮೊಬೈಲ್ ನೋಡಿ ಹೇಳಿದ: "ರಿಕವರಿ 81 ಅಂಕಲ್. ಸುಸ್ತಿಲ್ಲ."

ಉಂಗುರ ಎದೆಬಡಿತ ಎಣಿಸುತ್ತದೆ, ನಿದ್ದೆ ಅಳೆಯುತ್ತದೆ, ಮೈ ಎಷ್ಟು ಸುಧಾರಿಸಿಕೊಂಡಿದೆ ಅಂತ ನೂರಕ್ಕೆ ಇಷ್ಟು ಅಂತ ಅಂಕ ಕೊಡುತ್ತದೆ. ಪಾಪ, ತೊಡೆಯ ಗೋಳು ಅದಕ್ಕೆ ಹೇಗೆ ಗೊತ್ತಾಗಬೇಕು?

ತೂಕ ಎತ್ತುವಾಗಲೇ ಮೈ ಬೆಳೆಯುವುದಿಲ್ಲ. ಆಗ ಸ್ನಾಯುವಿನ ಎಳೆಗಳಿಗೆ ಸಣ್ಣಪುಟ್ಟ ಪೆಟ್ಟು ಬೀಳುತ್ತದೆ. ರಿಪೇರಿಯೆಲ್ಲ ಆಮೇಲೆ, ಉಂಡು ಮಲಗಿದಾಗ. ಅದಕ್ಕೆ ಒಂದೆರಡು ದಿನ ಬೇಕು. ಈ ರಿಪೇರಿಗೆ ಕೂಲಿಯಿಲ್ಲ, ಜಿಎಸ್‌ಟಿ ಇಲ್ಲ. ತೊಂದರೆ ಇರುವುದೇ ಅಲ್ಲಿ. ಬಿಟ್ಟಿ ಸಿಗುವುದನ್ನು ಈ ಊರಲ್ಲಿ ಯಾರು ನಂಬುತ್ತಾರೆ?

ಹಾಗಾಗಿ ಭಾನುವಾರ, ಅಂದರೆ ರೆಸ್ಟ್ ಡೇ ದಿನ, ಹುಡುಗ ನಾಲ್ಕಕ್ಕೇ ಎದ್ದು ನಂದಿಬೆಟ್ಟಕ್ಕೆ ಸೈಕಲ್ ತುಳಿದ. ಆಕ್ಟಿವ್ ರಿಕವರಿಯಂತೆ, ಅಂದರೆ ಮೈ ಆಡಿಸುತ್ತಲೇ ಸುಧಾರಿಸಿಕೊಳ್ಳುವುದು. ಶನಿವಾರ ನಮ್ಮ ಮೆಟ್ಟಿಲು ಇಳಿಯಲಾಗದವನು ಭಾನುವಾರ ಬೆಟ್ಟ ಹತ್ತಿ ಸುಧಾರಿಸಿಕೊಂಡ! ಬಂದವನೇ, ಮೈಕೈ ನೋವು ಇಳಿಯಲಿ ಅಂತ, ಟೆರೇಸಿನ ಡ್ರಮ್ಮಿಗೆ ನೀರು ಬಿಟ್ಟು, ಮೀನಂಗಡಿಯಿಂದ ತಂದ ಐಸ್ ಸುರಿದು, ಕುತ್ತಿಗೆಯವರೆಗೆ ಮುಳುಗಿ ಕೂತ. 2024ರ ಬೇಸಿಗೆಯಲ್ಲಿ ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿತ್ತು. ತೊಡೆ ನೆನೆಹಾಕುವವರು ಹೇಗೋ ಬಚಾವಾದರು.

ತಮಾಷೆ ಅಂದರೆ, ತೂಕ ಎತ್ತಿದ ಮೇಲೆ ಪ್ರತಿಸಲವೂ ತಣ್ಣೀರಲ್ಲಿ ಕೂತರೆ ಸ್ನಾಯು ಬೆಳೆಯುವುದೇ ಕಮ್ಮಿ ಅಂತ 2015ರಲ್ಲೇ ಆಸ್ಟ್ರೇಲಿಯಾದ ಸಂಶೋಧಕರು ತೋರಿಸಿದ್ದಾರೆ. ಜಿಮ್ಮಿಗೆ ದುಡ್ಡು ಕಟ್ಟಿ ಬೆಳೆಸಿದ್ದನ್ನು ಐಸಿಗೆ ದುಡ್ಡು ಕೊಟ್ಟು ತಡೆಯುವ ವ್ಯವಸ್ಥೆ ಇದು. ಇಬ್ಬರಿಗೂ ವ್ಯಾಪಾರ.

ಮೈಸೂರಿನ ಗರಡಿಗಳಲ್ಲಿ ಪೈಲ್ವಾನರು ಸಾಮು ಮಾಡಿ, ಮಟ್ಟಿಯಲ್ಲಿ ಹೊರಳಾಡಿ, ಎಣ್ಣೆ ತಿಕ್ಕಿಸಿಕೊಂಡು, ಬಾದಾಮಿ ಹಾಲು ಕುಡಿದು ಗೊರಕೆ ಹೊಡೆಯುತ್ತಿದ್ದರು. ಗೊರಕೆಗೆ ನೂರಕ್ಕೆ ಎಷ್ಟು ಅಂಕ ಅಂತ ಯಾವ ಉಸ್ತಾದರೂ ಲೆಕ್ಕ ಇಟ್ಟಿರಲಿಲ್ಲ.

ಹುಡುಗರನ್ನೇ ಬೈದು ಏನು ಪ್ರಯೋಜನ? ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಅಂತ 2023ರಲ್ಲಿ ನಾರಾಯಣ ಮೂರ್ತಿಯವರು ಹೇಳಿದರು. 2025ರಲ್ಲಿ ಎಲ್ ಅಂಡ್ ಟಿ ಅಧ್ಯಕ್ಷರು ಅದನ್ನು 90ಕ್ಕೆ ಏರಿಸಿದರು, ಭಾನುವಾರವೂ ಸೇರಿ. ಇಂಥ ಕಾಲದಲ್ಲಿ ಸುಸ್ತಾಗಿದೆ ಅಂತ ರಜೆ ಕೇಳಿದರೆ ಮ್ಯಾನೇಜರ್ ಮುಖ ಸಿಂಡರಿಸುತ್ತಾರೆ. ಮೊಬೈಲಿನಲ್ಲಿ ಕೆಂಪಗೆ ರಿಕವರಿ 38 ಅಂತ ತೋರಿಸಿದರೆ, "ಅಯ್ಯೋ, ನಂದು 35 ಕಣ್ರೀ" ಅಂತ ಅವರೂ ಉಂಗುರ ತೋರಿಸುತ್ತಾರೆ.

ಆದರೂ ಕಂಪನಿಗಳಿಗೆ ಕಾಳಜಿ ಇಲ್ಲವೆನ್ನುವಂತಿಲ್ಲ. ಪರಿಚಯದವರೊಬ್ಬರ ಆಫೀಸಿನಿಂದ ಮೇಲ್ ಬಂದಿದೆ. ಮುಂದಿನ ಭಾನುವಾರ ಬೆಳಿಗ್ಗೆ ಆರೂವರೆಗೆ 'ವಿಶ್ರಾಂತಿಯ ಮಹತ್ವ' ಕುರಿತು ಕಾರ್ಯಾಗಾರ. ಹಾಜರಿ ಕಡ್ಡಾಯ.