‘ಟಕ್’ ಎಂದು ಸುಮ್ಮನಾಗುವ ಯಂತ್ರ

ಹುಲ್ಲು ಮೊಣಕಾಲಿಗೆ ಬಂದಿದೆ. ಕುಳಿತು ಓಡಿಸುವ ಹುಲ್ಲು ಕತ್ತರಿಸುವ ಯಂತ್ರ ಮಾತ್ರ, ಕೀಲಿ ತಿರುಗಿಸಿದರೆ ಒಂದೇ ಒಂದು ಸಲ ‘ಟಕ್’ ಎಂದು ಸುಮ್ಮನಾಗುತ್ತದೆ. ಇದನ್ನು ಆರಾಮದ ಯಂತ್ರ ಎಂದವರು ಯಾರೋ! ಬೆಳಗಿನಿಂದ ನಾನು ಇದರ ಮೇಲೆ ಕುಳಿತದ್ದಕ್ಕಿಂತ ಅಡಿಯಲ್ಲಿ ಮಲಗಿದ್ದೇ ಹೆಚ್ಚು.

ಬ್ಯಾಟರಿಗೆ ಮೀಟರ್ ಹಿಡಿದರೆ 12.6 ವೋಲ್ಟ್. ಪೂರ್ತಿ ಚಾರ್ಜ್ ಇದೆ. ಫ್ಯೂಸ್ ಸರಿ. ಆಮೇಲೆ ಶುರುವಾಯಿತು ಸುರಕ್ಷತಾ ಸ್ವಿಚ್‌ಗಳ ಕಾಟ. ಬ್ರೇಕ್ ಪೂರ್ತಿ ಒತ್ತಿರಬೇಕು, ಬ್ಲೇಡಿನ ಸ್ವಿಚ್ ಆರಿರಬೇಕು, ಕೆಲವದರಲ್ಲಿ ಸೀಟಿನ ಮೇಲೆ ಮನುಷ್ಯ ಕುಳಿತಿದ್ದಾನೆಂದು ಅದಕ್ಕೆ ಖಾತ್ರಿಯಾಗಬೇಕು. ಬೆರಳು ಉಳಿಯುವುದೇ ಇವುಗಳಿಂದ, ಒಪ್ಪುತ್ತೇನೆ. ಆದರೂ ಒಂದು ಗಂಟೆ ಸೀಟಿನ ಮೇಲೆ ಕುಪ್ಪಳಿಸಿದ ನನ್ನ ಸೊಂಟವನ್ನು ಕೇಳಿ.

ಅಷ್ಟೂ ವ್ಯರ್ಥ. ‘ಟಕ್’ ಎಂಬ ಸದ್ದು, ಎಂಜಿನ್ ತಿರುಗಿಸುವ ಸ್ಟಾರ್ಟರ್ ಮೋಟಾರಿಗೆ ಕರೆಂಟು ಹಾಯಿಸುವ ಸೊಲೆನಾಯ್ಡ್‌ನದು. ಅದು ಬಂತೆಂದರೆ ಆ ಸ್ವಿಚ್‌ಗಳೆಲ್ಲ ಸಾಮಾನ್ಯವಾಗಿ ದಾರಿ ಬಿಟ್ಟಿವೆ ಎಂದೇ ಅರ್ಥ. ತೊಂದರೆ ಇರುವುದು ಅದರಿಂದಾಚೆಗಿನ ದಪ್ಪ ತಂತಿಗಳಲ್ಲಿ, ಸ್ಟಾರ್ಟರ್‌ನಲ್ಲಿ ಅಥವಾ ಸೊಲೆನಾಯ್ಡಿನ ಒಳಗಿನ ಸಂಪರ್ಕದಲ್ಲಿ. ಕೊನೆಗೆ ಸಿಕ್ಕಿಬಿದ್ದದ್ದು ಚೌಕಟ್ಟಿಗೆ ಬಿಗಿದಿದ್ದ ಬ್ಯಾಟರಿಯ ನೆಗೆಟಿವ್ ತಂತಿ. ಬೋಲ್ಟಿನ ಸುತ್ತ ತುಕ್ಕೋ ತುಕ್ಕು. ಉಜ್ಜಿ ಬಿಗಿದೆ, ಸ್ಟಾರ್ಟರ್ ಗಿರಗಿರನೆ ತಿರುಗಿತು.

ಎಂಜಿನ್ ಹೊತ್ತಿಕೊಂಡಿತೇ? ಇಲ್ಲ. ಟ್ಯಾಂಕಿನಲ್ಲಿ ಹೋದ ವರ್ಷದ ಪೆಟ್ರೋಲ್ ಇದೆ, ಕಾರ್ಬುರೇಟರ್‌ನಲ್ಲಿ ಅದರ ಅಂಟು. ಹುಲ್ಲು ಇನ್ನೂ ಬೆಳೆಯುತ್ತಿದೆ.