ಗುಂಡನ ಹೊಟ್ಟೆ ಮೇಲಿನ ಉಣ್ಣಿ

ನಮ್ಮ ನಾಯಿ ಗುಂಡನ ಹೊಟ್ಟೆ ಸವರುತ್ತಿದ್ದೆ. ಬೆರಳಿಗೆ ಏನೋ ತಗುಲಿತು. ಸಣ್ಣದು, ಕಪ್ಪಗಿದೆ, ಚರ್ಮಕ್ಕೆ ಕಚ್ಚಿಕೊಂಡಿದೆ. ಉಣ್ಣಿಯೇ ಸರಿ! ಚಿಮಟ ತಂದು ಹಿಡಿದು ಎಳೆದೆ. ಗುಂಡ ಕಿರುಚಿದ ಸದ್ದಿಗೆ ಹೆಂಡತಿ ಓಡಿಬಂದಳು. ಬಗ್ಗಿ ನೋಡಿದಳು.

"ರೀ, ಅದು ಅವನ ಮೊಲೆತೊಟ್ಟು."

ಗಂಡು ನಾಯಿಗೂ ಇರುತ್ತವಂತೆ, ಎರಡು ಸಾಲಿನಲ್ಲಿ, ಸಾಮಾನ್ಯವಾಗಿ 8ರಿಂದ 10. ಹೀಗೆ ಸಾಲಾಗಿ ಕೂರುವ ಶಿಸ್ತು ಉಣ್ಣಿಗಳಿಗೆ ಎಲ್ಲಿಂದ ಬರಬೇಕು? ಅಷ್ಟೂ ಹೊಳೆಯಲಿಲ್ಲ ನನಗೆ. ಅವತ್ತಿನಿಂದ ನನ್ನ ಕೈಯಲ್ಲಿ ಚಿಮಟ ಕಂಡರೆ ಗುಂಡ ಮಂಚದ ಕೆಳಗೆ.

ಎರಡು ತಿಂಗಳಾದ ಮೇಲೆ ಅವನ ಪಕ್ಕೆಯಲ್ಲಿ ನಿಜವಾದ ಗಂಟೊಂದು ಸಿಕ್ಕಿತು. ನಿಂಬೆಹಣ್ಣಿನಷ್ಟು. ಒಂದು ವಾರ ಬಾಯಿ ಬಿಡಲಿಲ್ಲ. ಇದೂ ಅವನದೇ ಯಾವುದೋ ಅಂಗ ಆಗಿಬಿಟ್ಟರೆ ಅಂತ ಭಯ.

ಕೊನೆಗೆ ಡಾಕ್ಟರ ಹತ್ತಿರ ಹೋದೆವು. "ಕೊಬ್ಬಿನ ಗಂಟು ಡಾಕ್ಟ್ರೇ. ಮೆತ್ತಗಿದೆ, ಒತ್ತಿದ್ರೆ ಜಾರುತ್ತೆ" ಅಂದೆ, ರಾತ್ರಿಯೆಲ್ಲ ಫೋನಿನಲ್ಲಿ ಓದಿದ್ದನ್ನು ಒಪ್ಪಿಸುತ್ತಾ.

"ನನಗೂ ಹಾಗೇ ಅನ್ಸುತ್ತೆ. ಆದ್ರೆ ಮಾಸ್ಟ್ ಸೆಲ್ ಗಡ್ಡೇನೂ ಒಮ್ಮೊಮ್ಮೆ ಹೀಗೇ ಮೆತ್ತಗಿರುತ್ತೆ. ಅದು ಕ್ಯಾನ್ಸರ್. ಸೂಜಿ ಹಾಕಿ ನೋಡದೆ ಏನೂ ಹೇಳಲ್ಲ" ಅಂದರು ಅವರು.

ಅರಿವಳಿಕೆ ಏನೂ ಬೇಡವಂತೆ. ತೆಳ್ಳಗಿನ ಸೂಜಿ ಗಂಟಿಗೆ ಹೋಯಿತು. ಗುಂಡ ಮೇಜು ನೆಕ್ಕುತ್ತಾ ನಿಂತಿದ್ದ. ತಲೆ ಸುತ್ತಿ ಕುರ್ಚಿ ಹುಡುಕಿದ್ದು ನಾನು. ಕಣ್ಣು ಬಿಟ್ಟಾಗ ಡಾಕ್ಟರು ಗಾಜಿನ ಪಟ್ಟಿಯನ್ನು ಬೆಳಕಿಗೆ ಹಿಡಿದಿದ್ದರು. ಅದರ ಮೇಲೆ ಎಣ್ಣೆಯಂಥ ಹನಿಗಳು, ಒಣಗುವ ಲಕ್ಷಣವೇ ಇಲ್ಲ. ಸೂಕ್ಷ್ಮದರ್ಶಕದಲ್ಲೂ ನೋಡಿ ಕೊಬ್ಬೇ ಅಂದರು. ನಾನು ಗೆದ್ದಿದ್ದೆ, ಆದರೆ ಗೆದ್ದವನ ಕೈಯಲ್ಲಿ ನೀರಿನ ಲೋಟ ಇತ್ತು.

ಅಷ್ಟರಲ್ಲಿ ಅವರು ಬಾಲದ ಬುಡದ ಕೂದಲು ಸರಿಸಿದರು. ಕೆಂಪಗೆ, ತೇವವಾಗಿ ರಸ ಸುರಿಯುವ ಗಾಯ.

"ಇದಕ್ಕೇನು ಹಚ್ಚಿದ್ರಿ?"

"ನನ್ನ ಮುಲಾಮು."

"ಹಚ್ಚಿದ್ದು ನೀವು, ತಿಂದಿದ್ದು ಇವನು. ಮನುಷ್ಯರ ಮುಲಾಮು ಕೆಲವು ನಾಯಿಗೆ ವಿಷ."

ತುರಿಕೆಗೆ ನೆಕ್ಕಿ, ಕಚ್ಚಿ, ಅವನೇ ಮಾಡಿಕೊಂಡ ಗಾಯವಂತೆ. ಸುತ್ತಲ ಕೂದಲು ಕತ್ತರಿಸಿ, ತೊಳೆದು, ಕೊರಳಿಗೆ ಪ್ಲಾಸ್ಟಿಕ್ ಕೋನ್ ಕಟ್ಟಿದರು. ಜೊತೆಗೆ ರೋಗಾಣು ಕೊಲ್ಲುವ ಕ್ಲೋರ್‌ಹೆಕ್ಸಿಡಿನ್ ಶಾಂಪೂ. ಹಚ್ಚಿ 10 ನಿಮಿಷ ಬಿಡಬೇಕು, ಇಲ್ಲದಿದ್ದರೆ ಔಷಧ ಕೆಲಸ ಮಾಡಲ್ಲ.

ಹತ್ತು ನಿಮಿಷ ಅಂದರೆ ಸುಮ್ನೆ ಅಲ್ಲ, ಸ್ವಾಮಿ. ಮೂರನೇ ನಿಮಿಷಕ್ಕೆ ಗುಂಡ ನನ್ನ ಕೈಯಿಂದ ಜಾರಿದ. ನಾಲ್ಕಕ್ಕೆ ಸೋಫಾ ಹತ್ತಿದ. ಐದಕ್ಕೆ ಮೈ ಕೊಡವಿದ. ಉಳಿದ ಐದು ನಿಮಿಷ ಔಷಧ ಕೆಲಸ ಮಾಡಿದ್ದು ಗೋಡೆಯ ಮೇಲೆ. ಕೋನ್ ಕಟ್ಟಿಕೊಂಡು ಅವನು ಮನೆಯಲ್ಲಿ ಓಡಾಡಿದ ಹತ್ತು ದಿನವೂ ನನ್ನ ಮೊಣಕಾಲಿನ ಹಿಂಭಾಗ ನೀಲಿ.

ಗಾಯ ಒಣಗಿತು. ಗಂಟನ್ನು ತಿಂಗಳಿಗೊಮ್ಮೆ ಅಳೆದು ಬರೆದಿಡಿ, ದೊಡ್ಡದಾದರೆ ಕರೆದುಕೊಂಡು ಬನ್ನಿ ಅಂದಿದ್ದರು ಡಾಕ್ಟರು. ಅದಕ್ಕೆ ಕಾಗದದ ಮೇಲೆ ಗುಂಡನ ಚಿತ್ರ ಬರೆದು, ಪಕ್ಕೆಯಲ್ಲಿ ಒಂದು ಸುತ್ತು ಹಾಕಿ, ತಾರೀಖು ನಮೂದಿಸಿ ಫ್ರಿಜ್ಜಿಗೆ ಅಂಟಿಸಿದೆ. ಮಾರನೇ ದಿನ ನೋಡಿದರೆ ಚಿತ್ರದ ಹೊಟ್ಟೆಯ ಮೇಲೆ ಎರಡು ಸಾಲು ಚುಕ್ಕೆ ಬಂದಿದ್ದವು. ಕೆಳಗೆ ಹೆಂಡತಿಯ ಅಕ್ಷರ: "ಇವು ಉಣ್ಣಿ ಅಲ್ಲ."